ಬಾಂಕಾಬಾಯಿಯ ಬಿರುದುಗಳು

ನಾಗಪುರದಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ ಹಬ್ಬ. ಉತ್ತರ ಕರ್ನಾಟಕದ ಕಾರ ಹುಣ್ಣಿಮೆಯ ಹಾಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಊರೊಳಗೆ ಮೆರೆಸುವ ದಿನ ಅದು. ಮರುದಿನ ಆ ಊರಲ್ಲಿ ಇನ್ನೆರಡು ಆಚರಣೆಗಳು ನಡೆಯುತ್ತವೆ. ಒಂದು ಮಕ್ಕಳದು. ಗಾಲಿ ಹಚ್ಚಿದ ಮರದ ಎತ್ತುಗಳನ್ನು ಸಿಂಗರಿಸಿ, ಹಗ್ಗ ಹಿಡಿದು ಬೀದಿಯಲ್ಲಿ ಎಳೆದುಕೊಂಡು ಹೋಗುವ ತಾನ್ಹಾ ಪೋಳಾ. ಮಕ್ಕಳಿಗೂ ಎತ್ತುಗಳ ಮೇಲೆ ಅಕ್ಕರೆ ಮೂಡಲಿ ಎಂದು ಭೋಸಲೆ ಮನೆತನದ ಎರಡನೇ ರಘೋಜಿ ಮಹಾರಾಜ ಇದನ್ನು ಆರಂಭಿಸಿದ ಎಂಬುದು ಊರಿನ ನಂಬಿಕೆ. ಇನ್ನೊಂದು ದೊಡ್ಡವರದು. ಹಳೆ ಪೇಟೆಯ ಕಿರಿದಾದ ಓಣಿಗಳಲ್ಲಿ ಎರಡು ದೈತ್ಯ ಹೆಣ್ಣುಗೊಂಬೆಗಳು, ಒಂದು ಹಳದಿ, ಒಂದು ಕಪ್ಪು, ಮೆರವಣಿಗೆ ಹೊರಡುತ್ತವೆ. ಇವಕ್ಕೆ ಮಾರಬತ್ ಎಂದು ಹೆಸರು. ರೋಗರುಜಿನ, ಪೀಡೆ, ಅನಿಷ್ಟಗಳನ್ನೆಲ್ಲ ಹೊತ್ತುಕೊಂಡು ಹೋಗು ಎಂದು ಕೂಗುತ್ತ ಜನ ಅವನ್ನು ಊರಾಚೆ ಒಯ್ದು ಸುಡುತ್ತಾರೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಮಾರಿಯನ್ನು ಗಡಿ ದಾಟಿಸುವ ಪದ್ಧತಿ ಕಂಡವರಿಗೆ ಇದು ಅಪರಿಚಿತವೆನಿಸದು.

ಕಪ್ಪು ಮಾರಬತ್ತಿನ ಮೆರವಣಿಗೆ 1881ರಿಂದ ನಡೆದು ಬಂದಿದೆ ಎನ್ನುತ್ತಾರೆ. ಆ ಗೊಂಬೆ ಯಾರದು ಎಂದು ಕೇಳಿದರೆ ಒಬ್ಬರು ಪೂತನಿ ಎನ್ನಬಹುದು. ಆದರೆ ಹೆಚ್ಚು ಕೇಳಿಬರುವ ಉತ್ತರ ಬೇರೆ: ಅದು ಬಾಂಕಾಬಾಯಿ, ಬ್ರಿಟಿಷರ ಕೈಗೆ ಸಿಕ್ಕು ನಾಡಿಗೆ ದ್ರೋಹ ಬಗೆದ ಭೋಸಲೆ ರಾಣಿ.

ಬಾಂಕಾಬಾಯಿ ಎರಡನೇ ರಘೋಜಿಯ ಹೆಂಡತಿ. ಅಂದರೆ ಒಂದೇ ದಿನ, ಒಂದೇ ಊರಿನಲ್ಲಿ, ಗಂಡನ ಹೆಸರಲ್ಲಿ ಮಕ್ಕಳು ಮರದ ಎತ್ತು ಎಳೆಯುತ್ತಾರೆ, ಹೆಂಡತಿಯ ಹೆಸರಲ್ಲಿ ದೊಡ್ಡವರು ಗೊಂಬೆ ಸುಡುತ್ತಾರೆ.

ಈ ರಾಣಿಗೆ ಇತಿಹಾಸ ಎರಡು ಬಿರುದು ಕೊಟ್ಟಿದೆ. ಮಾರಬತ್ ಎಂಬುದು ಊರು ಕೊಟ್ಟಿದ್ದು. ಇನ್ನೊಂದನ್ನು ಬ್ರಿಟಿಷರು ಕೊಟ್ಟರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಚ್ಚಾದ ಇಂಪೀರಿಯಲ್ ಗೆಜೆಟಿಯರ್ ಆಕೆಯನ್ನು ವೃದ್ಧ ಪ್ರಿನ್ಸೆಸ್ ಎಂದು ಕರೆದು, 1857ರಲ್ಲಿ ತನ್ನ ಪ್ರಭಾವವನ್ನೆಲ್ಲ ಬಳಸಿ ಮರಾಠಿ ಜಿಲ್ಲೆಗಳನ್ನು ಸರಕಾರಕ್ಕೆ ನಿಷ್ಠವಾಗಿ ಉಳಿಸಿದಳೆಂದು ಹೊಗಳುತ್ತದೆ. ಒಂದು ಬೈಗುಳ, ಒಂದು ಹೊಗಳಿಕೆ. ಆದರೆ ಎರಡೂ ಒಂದೇ ವರ್ಷದ ಒಂದೇ ಕೃತ್ಯದ ಮೇಲೆ ನಿಂತಿವೆ. 1857ಕ್ಕಿಂತ ಹಿಂದಿನ ನಲವತ್ತು ವರ್ಷಗಳನ್ನು ಎರಡೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ನಲವತ್ತು ವರ್ಷಗಳನ್ನು ಓದಿದವರಿಗೆ ಎರಡು ಬಿರುದುಗಳೂ ಸುಳ್ಳು ಎನಿಸದೆ ಇರದು.

ಹೆಸರಿಗೆ ರೀಜೆಂಟ್

ಎರಡನೇ ರಘೋಜಿ 1816ರ ಮಾರ್ಚ್‌ನಲ್ಲಿ ತೀರಿಕೊಂಡ. ಮಗ ಪರಸೋಜಿಗೆ ಕಣ್ಣು ಕಾಣದು, ಮೈಯಲ್ಲಿ ಸ್ವಾಧೀನವಿಲ್ಲ, ಆಡಳಿತ ನಡೆಸುವ ಶಕ್ತಿ ಇಲ್ಲ. ಗದ್ದುಗೆಯ ಹಿಂದೆ ಯಾರು ಕೂರಬೇಕು ಎಂಬುದೇ ಪ್ರಶ್ನೆಯಾಯಿತು. ಒಂದು ಕಡೆ ಬಾಂಕಾಬಾಯಿ ಮತ್ತು ಅರಮನೆಯ ಪಂಗಡ, ಇನ್ನೊಂದು ಕಡೆ ರಘೋಜಿಯ ತಮ್ಮನ ಮಗ ಅಪ್ಪಾಸಾಹೇಬ. ಅಪ್ಪಾಸಾಹೇಬ ಗೆದ್ದ. ಗೆದ್ದ ಮೇಲೆ ತನ್ನ ಸ್ಥಾನ ಭದ್ರಪಡಿಸಿಕೊಳ್ಳಲು 1816ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸಹಾಯಕ ಸೈನ್ಯ ಒಪ್ಪಂದಕ್ಕೆ ಸಹಿ ಹಾಕಿದ. ರಘೋಜಿ ಬದುಕಿರುವಷ್ಟು ಕಾಲ ಈ ಒಪ್ಪಂದಕ್ಕೆ ಒಪ್ಪಿರಲಿಲ್ಲ. ಮುಂದೆ 1817ರ ಫೆಬ್ರವರಿ 1ರಂದು ಪರಸೋಜಿ ಹಾಸಿಗೆಯಲ್ಲಿ ಸತ್ತುಬಿದ್ದಿದ್ದು ಕಂಡಿತು. ಅಪ್ಪಾಸಾಹೇಬನೇ ಕೊಲ್ಲಿಸಿದ ಎಂದು ಆಮೇಲೆ ಬಯಲಾಯಿತು ಎಂಬುದು ಗೆಜೆಟಿಯರ್‌ಗಳ ನಿಲುವು.

ಅದೇ ಅಪ್ಪಾಸಾಹೇಬ ಅದೇ ವರ್ಷದ ನವೆಂಬರ್ 26 ಮತ್ತು 27ರಂದು ಸೀತಾಬರ್ಡಿ ಗುಡ್ಡದಲ್ಲಿ ಬ್ರಿಟಿಷರ ಮೇಲೆ ಯುದ್ಧ ಮಾಡಿ ಸೋತ. 1818ರಲ್ಲಿ ಪದಚ್ಯುತನಾಗಿ, ಕಾವಲಿನಿಂದ ತಪ್ಪಿಸಿಕೊಂಡು, ಕಾಡುಮೇಡು ಅಲೆದು, 1840ರಲ್ಲಿ ಜೋಧಪುರದಲ್ಲಿ ಸತ್ತ. ಇಂದು ಆತ ಸೀತಾಬರ್ಡಿಯ ವೀರ. ಆ ಗೌರವ ಅನ್ಯಾಯದ್ದೇನಲ್ಲ, ಕೊನೆಗಾದರೂ ಕತ್ತಿ ಹಿಡಿದವನು ಆತ. ಆದರೆ ಕಂಪನಿಯ ಸೈನ್ಯವನ್ನು ನಾಗಪುರದ ಬಾಗಿಲಿಗೆ ಕರೆತಂದ ಕಾಗದದ ಮೇಲೆ ಇರುವ ಸಹಿ ಆತನದು, ಬಾಂಕಾಬಾಯಿಯದಲ್ಲ. ಊರ ನೆನಪಿನಲ್ಲಿ ಆ ಸಹಿಗೆ ಕ್ಷಮೆ ಸಿಕ್ಕಿದೆ. ರಾಣಿಗೆ ಸಿಕ್ಕಿಲ್ಲ.

ಅಪ್ಪಾಸಾಹೇಬನ ನಂತರ ಎರಡನೇ ರಘೋಜಿಯ ಮಗಳ ಮಗ, ಇನ್ನೂ ಬಾಲಕ, ಪರಸೋಜಿಯ ವಿಧವೆ ದುರ್ಗಾಬಾಯಿಗೆ ದತ್ತಕವಾಗಿ ಮೂರನೇ ರಘೋಜಿ ಎಂಬ ಹೆಸರಿನಿಂದ ಗದ್ದುಗೆ ಏರಿದ. ಬಾಂಕಾಬಾಯಿ ರೀಜೆಂಟ್ ಆದಳು. ಬಿರುದು ದೊಡ್ಡದೇ. ಆದರೆ ಆ ಬಿರುದಿನೊಳಗೆ ಏನಿತ್ತು ಎಂದು ನೋಡಿದರೆ, ಅರಮನೆಯ ಮೇಲುಸ್ತುವಾರಿ ಮತ್ತು ಬಾಲಕ ರಾಜನ ಪಾಲನೆ ಅಷ್ಟೇ. ಕಂದಾಯ, ನ್ಯಾಯ, ಸೈನ್ಯ ಎಲ್ಲವೂ ರೆಸಿಡೆಂಟ್ ರಿಚರ್ಡ್ ಜೆಂಕಿನ್ಸ್ ಕೈಯಲ್ಲಿದ್ದವು. ಜಿಲ್ಲೆಗಳಲ್ಲಿ ಅವನ ಇಂಗ್ಲಿಷ್ ಅಧಿಕಾರಿಗಳಿದ್ದರು. ರಾಜ ವಯಸ್ಸಿಗೆ ಬಂದ ಮೇಲೆ, 1826ರ ಒಪ್ಪಂದದ ನಂತರ, ಆಡಳಿತ ಹಂತಹಂತವಾಗಿ ಅವನ ಕೈಗೆ ಬಂತು.

ಇದನ್ನು ಮೈಸೂರಿನ ಇನ್ನೊಬ್ಬ ರೀಜೆಂಟ್ ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹತ್ತನೇ ಚಾಮರಾಜ ಒಡೆಯರು ತೀರಿಕೊಂಡ ಮೇಲೆ 1895ರಿಂದ 1902ರವರೆಗೆ ಮಗನ ಪರವಾಗಿ ರಾಜ್ಯವಾಳಿದ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ ಎಂದೇ ಪ್ರಸಿದ್ಧರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಅವರ ಕಾಲದಲ್ಲಿ. ಅವರಿಗೂ ರೆಸಿಡೆಂಟ್ ಇದ್ದ, ಬ್ರಿಟಿಷ್ ಕಣ್ಗಾವಲು ಇತ್ತು. ಆದರೆ ದಿವಾನರಿದ್ದರು, ಕೌನ್ಸಿಲ್ ಇತ್ತು, ಖಜಾನೆ ರಾಜ್ಯದ್ದಾಗಿತ್ತು. ರೀಜೆಂಟ್ ಎಂಬ ಒಂದೇ ಪದ ಒಬ್ಬರಿಗೆ ಆಳುವ ಕೆಲಸ ಕೊಟ್ಟಿತು, ಇನ್ನೊಬ್ಬರಿಗೆ ಮಗುವನ್ನು ನೋಡಿಕೊಳ್ಳುವ ಕೆಲಸ ಕೊಟ್ಟಿತು. ಬಿರುದನ್ನು ಮಾತ್ರ ಓದಿ ಹೊಣೆ ಹೊರಿಸುವುದು ಎಷ್ಟು ತಪ್ಪಾಗಬಹುದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಇಪ್ಪತ್ತು ದಿನಗಳ ಅಂತರ

1853ರ ನವೆಂಬರ್ 21ರಂದು ಝಾನ್ಸಿಯ ಗಂಗಾಧರರಾವ್ ತೀರಿಕೊಂಡ. ಇಪ್ಪತ್ತು ದಿನ ಕಳೆದು, ಡಿಸೆಂಬರ್ 11ರಂದು, ನಾಗಪುರದ ಮೂರನೇ ರಘೋಜಿ ತೀರಿಕೊಂಡ. ಇಬ್ಬರಿಗೂ ಸ್ವಂತ ಮಗನಿರಲಿಲ್ಲ. ಗಂಗಾಧರರಾವ್ ಸಾಯುವ ಮುನ್ನ ದತ್ತು ತೆಗೆದುಕೊಂಡಿದ್ದ. ರಘೋಜಿ ತೆಗೆದುಕೊಂಡಿರಲಿಲ್ಲ. ಅವನ ರಾಣಿಯರು ಬಂಧುಗಳ ಮನೆಯ ಯಶವಂತರಾವ್ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು ಜಾನೋಜಿ ಎಂದು ಹೆಸರಿಟ್ಟರು. ಗಂಡ ದತ್ತು ತೆಗೆದುಕೊಳ್ಳದೆ ಸತ್ತರೆ ವಿಧವೆ ಆ ಕೆಲಸ ಮಾಡುವುದು ಮರಾಠರ ನಾಡಿನಲ್ಲಿ ಹೊಸದಲ್ಲ. ಮೂರನೇ ರಘೋಜಿಯೇ ಹಾಗೆ ಗದ್ದುಗೆ ಏರಿದವನು, ಅದೂ ಕಂಪನಿಯ ಒಪ್ಪಿಗೆಯಿಂದಲೇ.

ಈ ಸಲ ಗವರ್ನರ್ ಜನರಲ್ ಡಾಲ್‌ಹೌಸಿ ಒಪ್ಪಲಿಲ್ಲ. 1854ರ ಜನವರಿ 28ರ ತನ್ನ ಟಿಪ್ಪಣಿಯಲ್ಲಿ ನಾಗಪುರಕ್ಕೆ ವಾರಸುದಾರನಿಲ್ಲ, ರಾಜ್ಯ ಕಂಪನಿಗೆ ಸೇರತಕ್ಕದ್ದು ಎಂದು ವಾದಿಸಿದ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯನ್ನು ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದಾರೆ. ಪಾಠದಲ್ಲಿ ಅಷ್ಟಾಗಿ ಬಾರದ ಒಂದು ಸಂಗತಿ ಆ ಟಿಪ್ಪಣಿಯಲ್ಲಿದೆ: ಹತ್ತಿ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿ ಬೆಳೆಯುವ ನೆಲ ಇಲ್ಲಿದೆ ಎಂಬುದನ್ನು ಆತ ಮುಚ್ಚಿಡದೆ ಬರೆದ. ಅವನ ಕೌನ್ಸಿಲ್‌ನಲ್ಲೇ ಕರ್ನಲ್ ಜಾನ್ ಲೋ ಎಂಬ ಸದಸ್ಯ ಈ ಸ್ವಾಧೀನವನ್ನು ವಿರೋಧಿಸಿ ಟಿಪ್ಪಣಿ ಬರೆದ. ಕೆಲಸಕ್ಕೆ ಬರಲಿಲ್ಲ. ಎಪ್ಪತ್ತು ಸಾವಿರ ಚದರ ಮೈಲಿಗೂ ಮಿಕ್ಕಿದ ರಾಜ್ಯ ಒಂದು ಗುಂಡೂ ಹಾರದೆ ಕೈಬದಲಾಯಿತು.

ಆಗ ಬಾಂಕಾಬಾಯಿಗೆ ಎಪ್ಪತ್ತು ದಾಟಿತ್ತು. ಗಂಡ ಸತ್ತು ಮೂವತ್ತೇಳು ವರ್ಷವಾಗಿತ್ತು. ಅರಮನೆಯಲ್ಲಿ ಆಕೆಯೇ ಹಿರಿಯಳು, ಮೊಮ್ಮಗನ ವಿಧವೆಯರಿಗೆ ಆಕೆಯೇ ಆಸರೆ. ಈ ಹೆಂಗಸರು ಸೇರಿ ಮಾಡಿದ್ದು ಆ ಕಾಲಕ್ಕೆ ದಾರಿಯಿದ್ದ ಒಂದೇ ಕೆಲಸ. ಅರ್ಜಿ ಬರೆಸಿದರು, ವಕೀಲರನ್ನು ಹಿಡಿದರು, ಕಲ್ಕತ್ತೆಗೆ ಕಳಿಸಿದರು, ಅಲ್ಲಿ ಆಗದಿದ್ದಾಗ ಲಂಡನ್ನಿನವರೆಗೂ ಹೋದರು. ಝಾನ್ಸಿಯ ಲಕ್ಷ್ಮೀಬಾಯಿಯೂ ಆ ವರ್ಷ ಇದನ್ನೇ ಮಾಡಿದಳು. ಜಾನ್ ಲ್ಯಾಂಗ್ ಎಂಬ ವಕೀಲನನ್ನು ಕರೆಸಿಕೊಂಡು ಅರ್ಜಿ ಬರೆಸಿದಳು. ಕುದುರೆ, ಕತ್ತಿ, ಬೆನ್ನಿಗೆ ಕಟ್ಟಿಕೊಂಡ ಮಗು ಇವೆಲ್ಲ ಬಂದದ್ದು ನಾಲ್ಕು ವರ್ಷಗಳ ಆಮೇಲೆ. 1854ರಲ್ಲಿ ಇಬ್ಬರೂ ರಾಣಿಯರು ಒಂದೇ ಸಾಲಿನಲ್ಲಿ ನಿಂತಿದ್ದರು.

ಹರಾಜು

ರಾಜ್ಯ ಹೋದ ಮೇಲೆ ಮನೆಯ ಸರದಿ ಬಂತು. ಅರಮನೆಯಲ್ಲಿದ್ದ ಒಡವೆ, ಆನೆ, ಒಂಟೆ, ಕುದುರೆ, ಎತ್ತು, ಪೀಠೋಪಕರಣಗಳೆಲ್ಲ ರಾಜನ ಸ್ವಂತದ್ದಲ್ಲ, ರಾಜ್ಯದ್ದು ಎಂದು ಸರಕಾರ ತೀರ್ಮಾನಿಸಿತು. ಪಟ್ಟಿ ಮಾಡಿ ಹೊರಗೆ ಸಾಗಿಸಿದರು. ಆನೆ ಕುದುರೆಗಳನ್ನು ಸೀತಾಬರ್ಡಿಯಲ್ಲಿ ಹರಾಜು ಹಾಕಿದರು, ಬೆಲೆಬಾಳುವ ಪ್ರಾಣಿಗಳು ಚಿಲ್ಲರೆ ದುಡ್ಡಿಗೆ ಹೋದವು. ಒಡವೆಗಳನ್ನು ಕಲ್ಕತ್ತೆಯ ಮಾರುಕಟ್ಟೆಗೆ ಕಳಿಸಿದರು. ಬಂದ ಹಣದಿಂದ ಭೋಸಲೆ ನಿಧಿ ಎಂದು ಮಾಡಿ, ಕುಟುಂಬದ ಖರ್ಚಿಗೆ ಇಡುತ್ತೇವೆ ಎಂಬುದು ಸರಕಾರದ ಸಮಜಾಯಿಷಿ. ಅವರದೇ ಒಡವೆ ಮಾರಿ ಅವರಿಗೇ ಪಿಂಚಣಿ.

1857ರ ದಂಗೆಯ ಇತಿಹಾಸ ಬರೆದ ಜಾನ್ ಕೇಯ್ ಕಂಪನಿಯ ವಿರೋಧಿಯೇನಲ್ಲ. ಆದರೂ ಆತ ಈ ಘಟನೆಯನ್ನು ಮುಜುಗರದಿಂದಲೇ ದಾಖಲಿಸುತ್ತಾನೆ. ರಾಜ್ಯ ಕಿತ್ತುಕೊಂಡದ್ದಕ್ಕಿಂತ ಈ ಮಾರಾಟ ಸುತ್ತಲಿನ ಪ್ರಾಂತಗಳಲ್ಲಿ ಹೆಚ್ಚು ಅಸಮಾಧಾನ ಹುಟ್ಟಿಸಿತು ಎಂದು ಕೇಳಿದ್ದಾಗಿ ಬರೆಯುತ್ತಾನೆ. ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಪೀಠೋಪಕರಣ ಹೊರಗೆ ಹೋದರೆ ಅರಮನೆಗೇ ಬೆಂಕಿ ಇಡುತ್ತೇನೆ ಎಂದು ಮುದುಕಿ ಬಾಂಕಾಬಾಯಿ ಬೆದರಿಸಿದಳಂತೆ.

ಮಾರಬತ್ ಸುಡುವ ಊರು ನೆನಪಿಡಬೇಕಾದ ಮಾತು ಇದು. ಬೆಂಕಿ ಇಡುತ್ತೇನೆಂದು ಬ್ರಿಟಿಷರೆದುರು ಮೊದಲು ಹೇಳಿದವಳು ಆಕೆಯೇ. ಸಾಮಾನು ಹೋಯಿತು, ಒಡವೆ ಹೋಯಿತು, ಬೆಂಕಿ ಬೀಳಲಿಲ್ಲ ನಿಜ. ಆದರೆ ಕಂಪನಿಗೆ ತಲೆಬಾಗಿ ಸುಖವಾಗಿದ್ದ ಹೆಂಗಸಿನ ಚಿತ್ರ ಇದಲ್ಲ.

1857ರ ಜೂನ್

ಮೂರು ವರ್ಷಗಳಾದ ಮೇಲೆ ದಂಗೆ ಬಂತು. ನಾಗಪುರದಲ್ಲಿ ಅಶ್ವದಳದ ಕೆಲವರು 1857ರ ಜೂನ್ 13ರ ರಾತ್ರಿ ಎದ್ದೇಳಲು ಸಂಚು ಹೂಡಿದರು. ಅದು ಮೊದಲೇ ಗೊತ್ತಾಯಿತು. ಮುಂದಾಳುಗಳನ್ನು ಗಲ್ಲಿಗೇರಿಸಿದರು. ಬಾಂಕಾಬಾಯಿ ತನ್ನ ಕಡೆಯವರಿಗೆ ಸುಮ್ಮನಿರಲು ಹೇಳಿದಳು. ಊರು ಸುಮ್ಮನಿತ್ತು.

ಇದನ್ನು ಸಣ್ಣದು ಮಾಡಿ ಹೇಳಬೇಕಾಗಿಲ್ಲ. ಭೋಸಲೆಗಳ ಹೆಸರಿನಲ್ಲಿ ಒಂದು ಕರೆ ಬಂದಿದ್ದರೆ ಹಳೆಯ ರಾಜ್ಯದ ಸಾವಿರಾರು ಜನ ಎದ್ದಿರುತ್ತಿದ್ದರೋ ಏನೋ. ಮಧ್ಯ ಭಾರತದ ನಡುವೆ ನಾಗಪುರ ಎದ್ದಿದ್ದರೆ ದಕ್ಷಿಣಕ್ಕೂ ಬಿಸಿ ತಟ್ಟುತ್ತಿತ್ತು. ಗಲ್ಲಿಗೇರಿದವರ ಮನೆಯವರಿಗೆ ಅರಮನೆಯ ಮೌನ ದ್ರೋಹವಾಗಿ ಕಂಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಮಾರಬತ್ತಿನ ಕೂಗಿನಲ್ಲಿ ಆ ನೋವಿನ ಪಾಲೂ ಇರಬಹುದು.

ಆದರೆ ತೀರ್ಪು ಕೊಡುವ ಮುನ್ನ ಅರಮನೆಯ ಕಿಟಕಿಯಿಂದ ಕಾಣುತ್ತಿದ್ದುದನ್ನೂ ನೋಡಬೇಕು. ಊರಿನ ಪಕ್ಕದಲ್ಲೇ ಸೀತಾಬರ್ಡಿ ಕೋಟೆ, ಅದರ ತೋಪುಗಳ ಅಳತೆಯಲ್ಲಿ ಊರು. ಹತ್ತು ಮೈಲಿ ಆಚೆ ಕಾಮ್ಠಿಯಲ್ಲಿ ಮದ್ರಾಸ್ ಸೈನ್ಯದ ದಂಡುಪ್ರದೇಶ, ಅದು ಕದಲಲಿಲ್ಲ. ಭೋಸಲೆಗಳ ಬಳಿ ಸ್ವಂತ ಸೈನ್ಯವಿರಲಿಲ್ಲ, ಆನೆ ಕುದುರೆಗಳೂ ಇರಲಿಲ್ಲ, ಅವು ಹರಾಜಾಗಿ ಹೋಗಿದ್ದವು. ಮನೆಯಲ್ಲಿದ್ದವರು ವಿಧವೆಯರು ಮತ್ತು ಒಬ್ಬ ಹುಡುಗ. ಆ ಹುಡುಗನಿಗೆ ಇಂದಲ್ಲ ನಾಳೆ ಗದ್ದುಗೆ ಸಿಗಬಹುದು ಎಂಬ ಆಸೆಯಿಂದ ಬರೆಸಿದ ಅರ್ಜಿಗಳು. ಅತ್ತ ದರಿ, ಇತ್ತ ಪುಲಿ. ಯುದ್ಧವೊಂದನ್ನು ಸೀತಾಬರ್ಡಿಯಲ್ಲಿ ಕಣ್ಣಾರೆ ಕಂಡು, ಅದರಿಂದ ಬಂದ ಅನಾಹುತವನ್ನು ನಲವತ್ತು ವರ್ಷ ಉಂಡ ಮುದುಕಿ ಇನ್ನೊಂದು ಯುದ್ಧ ಬೇಡವೆಂದಳು. ಅದು ಧೈರ್ಯವಲ್ಲ ಎನ್ನಬಹುದು. ಅಂಜಿಕೆ ಎನ್ನಬಹುದು, ಲೆಕ್ಕಾಚಾರ ಎನ್ನಬಹುದು. ದ್ರೋಹ ಎನ್ನಲು ಮಾತ್ರ ಆಕೆ ಯಾರಿಗೆ ಮಾತು ಕೊಟ್ಟು ತಪ್ಪಿದಳು ಎಂದು ತೋರಿಸಬೇಕಾಗುತ್ತದೆ.

ಸುಮ್ಮನಿದ್ದುದರ ಫಲವನ್ನು ನೋಡಲು ಆಕೆ ಬದುಕಿರಲಿಲ್ಲ. 1858ರಲ್ಲಿ ತೀರಿಕೊಂಡಳು. ಗೆಜೆಟಿಯರ್ ಬರೆದ ನಿಷ್ಠೆಗೆ ಪ್ರತಿಫಲವಾಗಿ ದತ್ತುಪುತ್ರ ಜಾನೋಜಿಗೆ ಲಾರ್ಡ್ ಕ್ಯಾನಿಂಗ್ ಒಂದು ಬಿರುದು ಕೊಟ್ಟ: ದೇವೂರಿನ ರಾಜಾ ಬಹಾದ್ದೂರ್. ದೇವೂರು ಇರುವುದು ಸಾತಾರಾ ಜಿಲ್ಲೆಯಲ್ಲಿ, ನಾಗಪುರದಿಂದ ನೂರಾರು ಮೈಲಿ ದೂರ. ಅಲ್ಲಿ ಭೋಸಲೆಗಳಿಗೆ ಹಳೆಯ ಜಹಗೀರಿತ್ತು. ನಾಗಪುರದಲ್ಲಿ ಹುಟ್ಟಿ ಬೆಳೆದು, ನಾಗಪುರದ ಅರಮನೆಯಲ್ಲಿ ಇದ್ದವನಿಗೆ ನಾಗಪುರದ ರಾಜ ಎಂದು ಕರೆಸಿಕೊಳ್ಳುವ ಹಕ್ಕು ಮಾತ್ರ ಇರಲಿಲ್ಲ. ಊರಿನ ಹೆಸರು ಬಿರುದಿನಲ್ಲಿ ಬಂದರೆ ಹಕ್ಕಿನ ಮಾತು ಬಂದೀತು ಎಂಬ ಎಚ್ಚರ ಕಲ್ಕತ್ತೆಗೆ ಇತ್ತು. ಕೆಲವೇ ದಿನಗಳಲ್ಲಿ ಕ್ಯಾನಿಂಗ್ ಉಳಿದ ದೇಶೀ ಸಂಸ್ಥಾನಗಳಿಗೆ ದತ್ತಕದ ಸನದುಗಳನ್ನು ಹಂಚಿದ. ಯಾವ ಕಾರಣಕ್ಕೆ ನಾಗಪುರ ಹೋಯಿತೋ ಆ ಕಾರಣವೇ ರದ್ದಾಯಿತು. ನಾಗಪುರ ಮಾತ್ರ ಹಿಂದಿರುಗಿ ಬರಲಿಲ್ಲ. ಹದಿಮೂರು ವರ್ಷ ತಡವಾಗಿ ಅದೇ ಸವಾಲು ಎದುರಿಸಿದ ಮೈಸೂರಿನ ದತ್ತಕ 1867ರಲ್ಲಿ ಮನ್ನಣೆ ಪಡೆಯಿತು, 1881ರಲ್ಲಿ ರಾಜ್ಯ ಮರಳಿ ಬಂತು. 1947ರಲ್ಲಿ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಲು ಮೈಸೂರಿಗೆ ಮಹಾರಾಜರಿದ್ದರು. ನಾಗಪುರಕ್ಕೆ ಇರಲಿಲ್ಲ.

ಪ್ರಿನ್ಸೆಸ್ ಎಂದರೆ ಯಾರು

ಗೆಜೆಟಿಯರ್‌ನ ಆ ಪದದ ಬಗ್ಗೆ ಒಂದು ಮಾತು. ಬಾಂಕಾಬಾಯಿ ರಾಜನ ಮಗಳಾಗಿ ಆ ಮನೆಗೆ ಬಂದವಳಲ್ಲ, ರಾಜನ ಹೆಂಡತಿಯಾಗಿ ಬಂದವಳು. ಮತ್ತೇಕೆ ಪ್ರಿನ್ಸೆಸ್? ಬ್ರಿಟಿಷರು ಭಾರತದ ಮಹಾರಾಜರನ್ನು ಕಿಂಗ್ ಎಂದು ಕರೆಯುತ್ತಿರಲಿಲ್ಲ, ಪ್ರಿನ್ಸ್ ಎನ್ನುತ್ತಿದ್ದರು. ಇಪ್ಪತ್ತೊಂದು ತೋಪಿನ ಸಲಾಮಿ ಪಡೆಯುತ್ತಿದ್ದ ಮೈಸೂರಿನ ದೊರೆಯೂ ಅವರ ಭಾಷೆಯಲ್ಲಿ ಪ್ರಿನ್ಸ್. 1921ರಲ್ಲಿ ಸ್ಥಾಪನೆಯಾದ ನರೇಂದ್ರ ಮಂಡಲದ ಇಂಗ್ಲಿಷ್ ಹೆಸರು ಚೇಂಬರ್ ಆಫ್ ಪ್ರಿನ್ಸಸ್. ಕಿಂಗ್ ಎಂಬ ಪದ ಲಂಡನ್ನಿನ ಒಬ್ಬನಿಗೇ ಮೀಸಲು. ಹೀಗೆ ದೊರೆಗಳೆಲ್ಲ ರಾಜಕುಮಾರರಾದರು, ರಾಣಿಯರೆಲ್ಲ ರಾಜಕುಮಾರಿಯರಾದರು. ಎಪ್ಪತ್ತು ದಾಟಿದ ಅಜ್ಜಿಯನ್ನು ಪ್ರಿನ್ಸೆಸ್ ಎಂದು ಕರೆಯುವಾಗ ಗೆಜೆಟಿಯರ್ ಆಕೆಗೆ ಮರ್ಯಾದೆ ಕೊಡುತ್ತಿರಲಿಲ್ಲ, ಒಂದು ಮೆಟ್ಟಿಲು ಕೆಳಗಿಳಿಸುತ್ತಿತ್ತು.

ಬ್ರಿಟನ್ನಿನ ರಾಜಮನೆತನದಲ್ಲೂ ಈ ಪದದ ಮೇಲೆ ಲೆಕ್ಕಾಚಾರ ನಡೆದದ್ದುಂಟು. ಯಾರು ಪ್ರಿನ್ಸ್, ಯಾರು ಪ್ರಿನ್ಸೆಸ್ ಎಂಬುದನ್ನು 1917ರಲ್ಲಿ ಐದನೇ ಜಾರ್ಜ್ ಹೊಸ ಆಜ್ಞೆಯಿಂದ ಬಿಗಿಗೊಳಿಸಿದ. ಎರಡು ವರ್ಷದ ಮೇಲೆ ವಿಕ್ಟೋರಿಯಾ ರಾಣಿಯ ಮೊಮ್ಮಗಳು, ಕನಾಟ್‌ನ ಪ್ರಿನ್ಸೆಸ್ ಪೆಟ್ರೀಶಿಯಾ, ರಾಜಮನೆತನದವನಲ್ಲದ ನೌಕಾ ಅಧಿಕಾರಿ ಅಲೆಕ್ಸಾಂಡರ್ ರಾಮ್‌ಸೆಯನ್ನು ಮದುವೆಯಾದಾಗ ತನ್ನ ಬಿರುದನ್ನು ತಾನೇ ಬಿಟ್ಟುಕೊಟ್ಟು ಲೇಡಿ ಪೆಟ್ರೀಶಿಯಾ ಆದಳು. ಚಿತ್ರ ಬರೆಯುತ್ತ ತನ್ನ ಪಾಡಿಗೆ ಬದುಕಿದಳು. ಆಕೆಗೆ ಬಿಡುವ ಸ್ವಾತಂತ್ರ್ಯ ಇತ್ತು. ಅದೇ ಮನೆತನದ ಹೆಸರಿನಲ್ಲಿ ಭಾರತದಲ್ಲಿ ಹಂಚಿದ ಬಿರುದುಗಳನ್ನು ಪಡೆದವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಅಷ್ಟು ಸುಲಭವಾಗಿರಲಿಲ್ಲ.

ಕೊಡಗಿನ ಗೌರಮ್ಮನ ಕಥೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. 1834ರಲ್ಲಿ ಕಂಪನಿ ಕೊಡಗನ್ನು ಸ್ವಾಧೀನ ಮಾಡಿಕೊಂಡು ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿತು. ಗೌರಮ್ಮ ಅಲ್ಲಿ 1841ರಲ್ಲಿ ಹುಟ್ಟಿದ ಮಗಳು. ಕೊಡಗನ್ನು ಕಂಡವಳಲ್ಲ. ಕಳೆದುಕೊಂಡ ಹಣ ಕೇಳಲು ಲಂಡನ್ನಿಗೆ ಹೊರಟ ತಂದೆ ಮಗಳನ್ನೂ ಕರೆದೊಯ್ದ. 1852ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಕೆಗೆ ದೀಕ್ಷಾಸ್ನಾನವಾಯಿತು, ಮಹಾರಾಣಿಯೇ ಧರ್ಮಮಾತೆ, ತನ್ನ ಹೆಸರನ್ನೇ ಇಟ್ಟಳು. ಹನ್ನೊಂದರ ಹುಡುಗಿ ಪ್ರಿನ್ಸೆಸ್ ವಿಕ್ಟೋರಿಯಾ ಗೌರಮ್ಮ ಆದಳು. ರಾಜ್ಯ ಇದ್ದಾಗ ಸಿಗದ ಇಂಗ್ಲಿಷ್ ಬಿರುದು ರಾಜ್ಯ ಹೋದ ಮೇಲೆ ಸಿಕ್ಕಿತು. ಪಂಜಾಬಿನ ದುಲೀಪ್ ಸಿಂಗ್ ಜೊತೆ ಮದುವೆ ಮಾಡಿಸಬೇಕೆಂಬ ರಾಣಿಯ ಆಸೆ ಕೈಗೂಡಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿ ಇದೆ.

ಗೌರಮ್ಮನ ಬಗ್ಗೆ ಕನ್ನಡಿಗರು ಮಾತಾಡುವಾಗ ಧ್ವನಿ ಮೆತ್ತಗಾಗುತ್ತದೆ. ಪಾಪದ ಹುಡುಗಿ, ಅಪ್ಪನ ಲೆಕ್ಕಾಚಾರಕ್ಕೂ ರಾಣಿಯ ಲೆಕ್ಕಾಚಾರಕ್ಕೂ ಬಲಿಯಾದಳು ಎಂದು ಮರುಗುತ್ತಾರೆ. ಕಿತ್ತೂರಿನ ಚೆನ್ನಮ್ಮನ ಮಾತು ಬಂದರೆ ಎದೆ ಉಬ್ಬುತ್ತದೆ. ಸಹಜವೇ. ಡಾಲ್‌ಹೌಸಿಗಿಂತ ಮೂವತ್ತು ವರ್ಷ ಮೊದಲೇ ದತ್ತಕವನ್ನು ತಿರಸ್ಕರಿಸಿದ ಕಂಪನಿಗೆ ಎದುರು ನಿಂತು, 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ರಾಣಿ ಆಕೆ. ಆದರೆ ಕಿತ್ತೂರು ಉತ್ಸವದ ವೇದಿಕೆಗಳಲ್ಲಿ ಚೆನ್ನಮ್ಮ ಯುದ್ಧಕ್ಕೆ ಮುನ್ನ ಮುಂಬಯಿಯ ಗವರ್ನರ್‌ಗೆ ಬರೆದ ಮನವಿಗಳು ಅಷ್ಟಾಗಿ ಕೇಳಿಬರುವುದಿಲ್ಲ. ಬೈಲಹೊಂಗಲದ ಸೆರೆಯಲ್ಲಿ ಕಳೆದ ನಾಲ್ಕು ವರ್ಷಗಳೂ ಒಂದು ಸಾಲಿನಲ್ಲಿ ಮುಗಿಯುತ್ತವೆ. ಕತ್ತಿ ಹಿಡಿದ ದಿನವಷ್ಟೇ ಚೆನ್ನಮ್ಮನ ಬದುಕು ಎಂಬಂತೆ ಆಗಿದೆ.

ಕತ್ತಿ ಹಿಡಿದವಳು ವೀರರಾಣಿ, ಹಿಡಿಯಲಾರದ ಬಾಲೆ ಪಾಪದ ರಾಜಕುಮಾರಿ, ಹಿಡಿಯದೆ ಉಳಿದ ಮುದುಕಿ ಮಾರಿ. ರಾಜಮನೆತನದ ಹೆಂಗಸರನ್ನು ನೆನೆಯಲು ಇರುವ ಮೂರು ಖಾನೆಗಳು ಇವು. ಗಂಡಸರಿಗೆ ಇಷ್ಟು ಇಕ್ಕಟ್ಟಿಲ್ಲ. ಒಪ್ಪಂದಕ್ಕೆ ಸಹಿ ಹಾಕಿ, ಆಮೇಲೆ ಯುದ್ಧ ಮಾಡಿ, ನಡುವೆ ಕೊಲೆಯ ಆರೋಪವನ್ನೂ ಹೊತ್ತ ಅಪ್ಪಾಸಾಹೇಬನಿಗೆ ಏಳುಬೀಳುಗಳ ಪೂರ್ತಿ ಬದುಕು ಸಿಕ್ಕಿದೆ.

ಗೊಂಬೆ ಪ್ರತಿವರ್ಷ ಹೊಸದು

ಡಾಲ್‌ಹೌಸಿ ಬರೆದ ಹತ್ತಿಯ ಮಾತು ನಾಗಪುರದಲ್ಲಿ ನಿಜವಾಯಿತು. 1867ರಲ್ಲಿ ರೈಲು ಬಂತು. ಜಮ್‌ಶೆಟ್‌ಜಿ ಟಾಟಾ ಕಟ್ಟಿಸಿದ ಗಿರಣಿ ಶುರುವಾದದ್ದು 1877ರ ಜನವರಿ 1ರಂದು, ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಎಂದು ಘೋಷಣೆಯಾದ ದಿನ. ಹಾಗಾಗಿ ಗಿರಣಿಗೆ ಎಂಪ್ರೆಸ್ ಮಿಲ್ಸ್ ಎಂದೇ ಹೆಸರಾಯಿತು. ತಲೆಮಾರುಗಟ್ಟಲೆ ಕಾರ್ಮಿಕರು ಅಲ್ಲಿ ದುಡಿದರು. ಗಿರಣಿ ಮುಚ್ಚಿದೆ, ಹೆಸರು ಇನ್ನೂ ಊರ ಬಾಯಲ್ಲಿದೆ. ನಾಗಪುರವನ್ನು ಒಮ್ಮೆಯೂ ಕಾಣದ ರಾಣಿಯ ಬಿರುದನ್ನು ಊರು ಯಾವ ಮುಜುಗರವೂ ಇಲ್ಲದೆ ನೂರೈವತ್ತು ವರ್ಷ ಆಡಿಕೊಂಡು ಬಂದಿದೆ. ಅಲ್ಲೇ ಬಾಳಿ, ಅಲ್ಲೇ ದೋಚಿಸಿಕೊಂಡು, ಅಲ್ಲೇ ಸತ್ತ ರಾಣಿಯ ಹೆಸರು ಮಾತ್ರ ಪೀಡೆಯ ಜೊತೆ ಸೇರಿದೆ.

ಮಾರಬತ್ ನಿಲ್ಲಬೇಕು ಎಂದು ಯಾರೂ ಹೇಳಬೇಕಾಗಿಲ್ಲ. ರೋಗವನ್ನು ಊರಾಚೆ ಅಟ್ಟುವ ಆಚರಣೆ ಬಾಂಕಾಬಾಯಿಯ ಕಥೆಗಿಂತ ಆಳದ್ದು, ಆಕೆಯ ಹೆಸರಿಲ್ಲದೆಯೂ ಅದಕ್ಕೆ ಅರ್ಥವಿದೆ. ಅದು ಜೀವಂತ ಆಚರಣೆ ಕೂಡ. ಮೆರವಣಿಗೆಯಲ್ಲಿ ಬರುವ ಬಡ್ಗ್ಯಾ ಎಂಬ ಗಂಡುಗೊಂಬೆಗಳು ಆಯಾ ವರ್ಷದ ಭ್ರಷ್ಟಾಚಾರ, ಬೆಲೆಯೇರಿಕೆ, ರಾಜಕಾರಣಿಗಳನ್ನು ಅಣಕಿಸುತ್ತವೆ. ಯಾರನ್ನು ಸುಡಬೇಕು ಎಂಬುದನ್ನು ಊರು ಪ್ರತಿವರ್ಷ ಹೊಸದಾಗಿ ತೀರ್ಮಾನಿಸುತ್ತದೆ. ಹಾಗಿರುವಾಗ ಕಪ್ಪು ಗೊಂಬೆಯ ಹೆಸರನ್ನೂ ಒಮ್ಮೆ ಕೇಳಿ ನೋಡಬಹುದು.

ಮಾಡಬೇಕಾದ ಕೆಲಸ ದೊಡ್ಡದಲ್ಲ. 1863ರಿಂದ ನಡೆಯುತ್ತಿರುವ, ಜನ ಅಜಬ್ ಬಂಗ್ಲಾ ಎಂದು ಕರೆಯುವ ನಾಗಪುರದ ವಸ್ತುಸಂಗ್ರಹಾಲಯದಲ್ಲಿ 1854ರ ಅರ್ಜಿಗಳ ಮತ್ತು ಹರಾಜಿನ ಕಥೆಗೆ ಒಂದು ಗೋಡೆ ಮೀಸಲಿಡಬಹುದು. ಶಾಲೆಯ ಪಾಠದಲ್ಲಿ ಝಾನ್ಸಿಯ ಪುಟದ ಪಕ್ಕ ನಾಗಪುರದ ರಾಣಿಯರಿಗೆ ಒಂದು ಪ್ಯಾರಾ 
ಕೊಡಬಹುದು. ಕಿತ್ತೂರಿನ ಉತ್ಸವದಲ್ಲಿ ಚೆನ್ನಮ್ಮನ ಮನವಿಗಳನ್ನು ಓದಿ ಹೇಳಬಹುದು. ಸೋತ ಅರ್ಜಿಗಳೂ ಹೋರಾಟದ ಪಾಲೇ ಎಂದು ಒಪ್ಪಿಕೊಂಡರೆ ಈ ಹೆಂಗಸರನ್ನು ವೀರರಾಣಿ ಮತ್ತು ಮಾರಿ ಎಂದು ಎರಡು ಪಾಲು ಮಾಡುವ ಅಗತ್ಯ ಬೀಳುವುದಿಲ್ಲ.

ಬಾಂಕಾಬಾಯಿಯ ಬಿರುದುಬಾವಲಿಗಳಲ್ಲಿ ಆಕೆಯ ಮನೆಯವರು ಕೊಟ್ಟದ್ದು ಒಂದೇ, ಹೆಸರಿನ ಕೊನೆಯ ಬಾಯಿ. ಮರಾಠಿಯಲ್ಲೂ ಉತ್ತರ ಕರ್ನಾಟಕದ ಮನೆಗಳಲ್ಲೂ ಹಿರಿಯ ಹೆಂಗಸನ್ನು ಮರ್ಯಾದೆಯಿಂದ ಕರೆಯಲು ಆ ಒಂದು ಪದ ಸಾಕು. ಮುಂದಿನ ಪೋಳಾದ ಮರುದಿನ ಹಳೆ ಪೇಟೆಯವರು ಮತ್ತೆ ಬಿದಿರು ಕಟ್ಟಿ, ಕಾಗದ ಅಂಟಿಸಿ, ಕಪ್ಪು ಬಣ್ಣ ಬಳಿಯುತ್ತಾರೆ. ಮಾರಬತ್ ಬರಲಿ, ಪೀಡೆ ಹೋಗಲಿ. ಆ ಗೊಂಬೆ ಯಾರದು ಎಂದು ಮಕ್ಕಳು ಕೇಳಿದಾಗ ಮಾತ್ರ, ಮರದ ಎತ್ತು ಕೊಟ್ಟ ರಾಜನ ಹೆಂಡತಿಯ ಹೆಸರು ಹೇಳದಿದ್ದರೆ ಸಾಕು.